ಹದಿನಾಲ್ಕನೇ ಸೂಜಿ

ಅಂದು ಬೆಳಗ್ಗೆ ಮಳೆಯೂ ಅಲ್ಲದ ಹಿಮವೂ ಅಲ್ಲದ ಒಂದು ತಣ್ಣನೆಯ ಸೋನೆ ಬೀಳುತ್ತಿತ್ತು. ಮಾರ್ಚ್ ತಿಂಗಳ ಮೊದಲ ವಾರ. ಪ್ಲಮ್ ಮರಗಳ ಹೂ ಉದುರುತ್ತ ಬಂದಿದ್ದರೂ ಚಳಿಗೆ ಊರು ಬಿಡಲು ಮನಸ್ಸಿರಲಿಲ್ಲ. ಗಣಿಯ ಕಸ ಸುರಿದು ಸುರಿದು ಬೆಳೆದ ಗುಡ್ಡದ ಹೊಟ್ಟೆಯಲ್ಲಿ ವರ್ಷಗಳಿಂದ ಬೆಂಕಿ ಮಲಗಿದೆ. ಸೋನೆ ತಾಗಿದಲ್ಲೆಲ್ಲ ಅದರ ಮೈಯಿಂದ ಹಬೆ ಏಳುತ್ತಿತ್ತು. ಗುಡ್ಡ ನಿಧಾನವಾಗಿ ಉಸಿರು ಬಿಡುತ್ತಿದೆ ಎನ್ನುವ ಹಾಗೆ.

ಆಸ್ಪತ್ರೆಯ ಔಷಧ ಕೋಣೆಯ ಕಿಟಕಿ ತೆರೆದಾಗ ಹೊರಗೆ ಇಸೊ ಅಜ್ಜಿ ನಿಂತಿದ್ದಳು. ತಲೆಗೆ ಸುತ್ತಿದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇಷ್ಟು ಬೇಗ ಯಾಕೆ ಬಂದ್ರಿ ಅಜ್ಜಿ? ಸೂಜಿ ಹತ್ತು ಗಂಟೆಗೆ ತಾನೆ?"

"ನಾನೆಲ್ಲಿ ಬಂದೆ ತಾಯಿ. ನಮ್ಮ ಮುದುಕ ಆರೂವರೆಗೇ ಬಂದು ಮೆಟ್ಲು ಹತ್ತವ್ನೆ. ನಾನು ಅವನ ಹಿಂದೆ ಬಂದೋಳು. ಹಿಂದೆ ಬರೋದೇ ಅಲ್ವಾ ನನ್ ಕಸುಬು."

ಅದು ನಿಜವೇ. ನಮ್ಮ ಚಿಕುಹೊ ಸೀಮೆಯಲ್ಲಿ ಹಿಂದಿನ ಕಾಲಕ್ಕೆ ಗಂಡ ಮುಂದೆ ಕೂತು ಕಲ್ಲಿದ್ದಲು ಕಡಿದರೆ, ಹೆಂಡತಿ ಹಿಂದೆ ಮೊಣಕಾಲೂರಿ ಅದನ್ನು ಬುಟ್ಟಿಗೆ ತುಂಬಿ ಎಳೆಯುತ್ತಿದ್ದಳು. ಹೆಂಗಸರು ಗಣಿಗೆ ಇಳಿಯಬಾರದು ಎಂಬ ಕಾಯಿದೆ ಬರುವವರೆಗೆ ಇಸೊ ತನ್ನ ಗಂಡ ಕಾಮೆಜೊನ ಹಿಂದೆ ಆರು ವರ್ಷ ಹಾಗೆ ಎಳೆದವಳು. ಅವಳ ಮೊಣಕಾಲಿನ ಚರ್ಮ ಇವತ್ತಿಗೂ ಕಪ್ಪಗೆ ಗಟ್ಟಿಯಾಗಿದೆ.

"ಆರೂವರೆಗೇ ಮೆಟ್ಟಿಲು ಹತ್ತೋದು ಯಾಕೆ?"

ಇಸೊ ಆಚೀಚೆ ನೋಡಿ, ಕಿಟಕಿಯೊಳಗೆ ತಲೆ ತೂರಿಸಿದಳು. "ಒಂದೊಂದ್ ಮೆಟ್ಲಿಗೂ ಕೂತ್ಕಂಡು ಕೂತ್ಕಂಡು ಹತ್ತುತಾನೆ. ಡಾಕ್ಟ್ರು ಬರೋ ಹೊತ್ಗೆ ಮೇಲಿನ ಬೆಂಚಿನ ಮೇಲೆ ಕಾಲ್ ಮೇಲೆ ಕಾಲ್ ಹಾಕ್ಕಂಡು ರಾಜನ ಹಂಗೆ ಕೂತಿರ್ತಾನೆ. ಈಗ್ತಾನೆ ಓಡಿ ಬಂದೆ ಡಾಕ್ಟ್ರೇ ಅಂತಾನೆ. ಹದಿಮೂರು ಸೂಜಿಗೂ ಹಿಂಗೇ ಮಾಡವ್ನೆ."

ನಾನು ಕೈಯಲ್ಲಿದ್ದ ಶೀಸೆಯನ್ನು ಮೇಜಿನ ಮೇಲಿಟ್ಟೆ. ಅದೇ ಅವನ ಹದಿನಾಲ್ಕನೇ ಶೀಸೆ.

ಆ ಮದ್ದಿನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಬ್ಲಿಯೊಮೈಸಿನ್ ಎಂದು ಅದರ ಹೆಸರು. ಶೀಸೆಯ ತಳದಲ್ಲಿ ಬಿಳಿಯ ಪುಡಿ, ಒಂದು ಚಿಟಿಕೆಯೂ ಇರುವುದಿಲ್ಲ. ಅದನ್ನು ಹುಟ್ಟಿಸುವುದು ಮಣ್ಣಿನಲ್ಲಿ ನೂಲಿನ ಎಳೆಯಂತೆ ಹಬ್ಬುವ ಒಂದು ಸಣ್ಣ ಜೀವ. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ಪರಿಮಳ ಇದೆಯಲ್ಲ, ಅದು ಈ ಜೀವದ ಬಳಗದವರು ಬಿಡುವ ವಾಸನೆಯಂತೆ. ಈ ಜೀವ ಸಿಕ್ಕಿದ್ದು ನಮ್ಮ ಸೀಮೆಯ ಒಂದು ಕಲ್ಲಿದ್ದಲ ಗಣಿಯ ಮಣ್ಣಿನಲ್ಲಿ. ಆ ಮಣ್ಣು ತೋಕಿಯೊ ನಗರಕ್ಕೆ ಹೋಯಿತು. ಅಲ್ಲಿ ಅದನ್ನು ತೊಟ್ಟಿಯಲ್ಲಿ ಬೆಳೆಸಿ, ನೀರನ್ನು ಸೋಸಿದಾಗ ನೀಲಿ ಬಣ್ಣದ ಸಾರ ಸಿಕ್ಕಿತು. ಅದು ತಾಮ್ರದ ನೀಲಿ. ಮದ್ದು ತನ್ನ ತೋಳುಗಳಲ್ಲಿ ಒಂದು ತಾಮ್ರದ ಕಣವನ್ನು ಅಪ್ಪಿಕೊಂಡಿತ್ತು. ತಾಮ್ರವನ್ನು ಬಿಡಿಸಿದರೆ ಬಿಳಿ ಪುಡಿ. ಮೈಯೊಳಗೆ ಹೋದ ಮೇಲೆ ಆ ಖಾಲಿ ತೋಳು ಕಬ್ಬಿಣವನ್ನು ಹಿಡಿಯುತ್ತದೆ, ಕಬ್ಬಿಣ ಉಸಿರಿನ ಗಾಳಿಯನ್ನು ಹಿಡಿಯುತ್ತದೆ, ಮೂರೂ ಸೇರಿ ಒಂದು ಕತ್ತರಿಯಾಗಿ, ಜೀವಕೋಶದ ನಡುವೆ ಸುತ್ತಿಟ್ಟ ಬಾಳಿನ ದಾರವನ್ನು ತುಂಡರಿಸುತ್ತದೆ. ಈ ಕೊನೆಯ ಸಂಗತಿ ನಾನು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದದ್ದು. ಆಗ ನಮಗೆ ಗೊತ್ತಿದ್ದುದು ಇಷ್ಟೇ: ಚರ್ಮದ, ತುಟಿಯ, ಬಾಯಿಯ ಹುಣ್ಣಿಗೆ ಇದು ಆಗುತ್ತದೆ, ಶ್ವಾಸಕೋಶಕ್ಕೆ ಆಗಿಬರುವುದಿಲ್ಲ. ಇಪ್ಪತ್ತು ಶೀಸೆ ಮೀರಬಾರದು. ಉಸಿರು ಕಟ್ಟುವ ಲಕ್ಷಣ ಕಂಡರೆ ಅದಕ್ಕೂ ಮೊದಲೇ ನಿಲ್ಲಿಸಬೇಕು.

ಕಾಮೆಜೊನ ಕೆಳತುಟಿಯಲ್ಲಿ, ಅವನು ನಲವತ್ತು ವರ್ಷ ಹೊಗೆಸೊಪ್ಪಿನ ಕೊಳವೆ ಕಚ್ಚಿದ ಜಾಗದಲ್ಲೇ, ಹುಣ್ಣು ಎದ್ದಿತ್ತು. ಜನವರಿಯಲ್ಲಿ ಅದು ಹತ್ತು ಯೆನ್ ನಾಣ್ಯದಷ್ಟು ಅಗಲವಿತ್ತು. ಕೊಯ್ದರೆ ತುಟಿಯೂ ಗಲ್ಲದ ಒಂದು ಪಾಲೂ ಹೋಗುತ್ತದೆ, ಮಾತು ನಿಲ್ಲುತ್ತದೆ ಎಂದಾಗ ಅವನು ಕತ್ತಿ ಬೇಡ, ಮದ್ದು ಕೊಡಿ ಎಂದ. ಎದೆಯ ಚಿತ್ರದಲ್ಲಿ ಗಣಿಯ ದೂಳಿನ ಕಲೆ ಇತ್ತು. ಆದರೆ ನಮ್ಮೂರಲ್ಲಿ ಕಲೆಯಿಲ್ಲದ ಎದೆ ಯಾರದ್ದಿದೆ? ಡಾಕ್ಟರ್ ಕುಸಾಬಾ ಯೋಚಿಸಿ, ಪ್ರತಿ ಸೂಜಿಯ ದಿನವೂ ಅವನು ಮೆಟ್ಟಿಲು ಹತ್ತಿ ಮಹಡಿಗೆ ಬರಬೇಕು, ಏದುಸಿರು ಕಂಡರೆ ಸೂಜಿ ಇಲ್ಲ ಎಂದು ಕಟ್ಟು ಮಾಡಿದ್ದರು.

ಕುಸಾಬಾ ಪಟ್ಟಣದವರು. ಗಣಿಯವರ ಒಂದು ವಿದ್ಯೆ ಅವರಿಗೆ ತಿಳಿಯದು. ಹಿಂದೆ ಕಂಪನಿಯ ಡಾಕ್ಟರು ಎದೆಗೆ ಕಿವಿ ಕೊಡಲು ಬಂದಾಗ, ಏದುತ್ತಿದ್ದವನನ್ನು ಕೆಳಗಿನ ಕೆಲಸದಿಂದ ತೆಗೆದು ಮೇಲೆ ಕಲ್ಲು ಆರಿಸುವ ಸಾಲಿನಲ್ಲಿ ಕೂರಿಸುತ್ತಿದ್ದರು. ಕೂಲಿ ಅರ್ಧ, ಮರ್ಯಾದೆ ಅದಕ್ಕಿಂತ ಕಡಿಮೆ. ಹಾಗಾಗಿ ಗಂಡಸರು ಉಸಿರು ಕದಿಯುವುದನ್ನು ಕಲಿತರು: ಬಾಯಿ ಮುಚ್ಚಿ, ಮೂಗಿನಲ್ಲಿ ಸಣ್ಣಗೆ ಸಣ್ಣಗೆ ಎಳೆದು, ಭುಜ ಅಲುಗಿಸದೆ, ಮಾತಿನ ನಡುವೆ ಬೇಕೆಂದೇ ನಕ್ಕು ಆ ನಗುವಿನಲ್ಲಿ ಒಂದಿಷ್ಟು ಗಾಳಿ ನುಂಗಿ. ಕದ್ದ ಉಸಿರಿನಲ್ಲೇ ಮಕ್ಕಳನ್ನು ಸಾಕಿದವರು ಇಲ್ಲಿ ಎಷ್ಟೋ ಜನ.

"ಗುಡಿ ಮಗಳೇ," ಇಸೊ ಇನ್ನೂ ತಗ್ಗಿದ ದನಿಯಲ್ಲಿ ಅಂದಳು. ನನ್ನ ಅಪ್ಪ ಊರಿನ ಅಮಿದಾ ಬುದ್ಧನ ಗುಡಿಯ ಗುರು. ಆಸ್ಪತ್ರೆಯಲ್ಲಿ ನಾನು ಔಷಧ ಕೊಡುವವಳಾದರೂ ಹಳಬರ ಬಾಯಲ್ಲಿ ಗುಡಿ ಮಗಳೇ. "ನಾನ್ ಹೇಳ್ದೆ ಅನ್ಬೇಡ. ದಿನಾ ಬೆಳಗ್ಗೆ ಮುದುಕ ದೇವರ ಮುಂದೆ ನಾಮ ಹೇಳ್ತಾನಲ್ಲ. ಹೊಸ ವರ್ಷದಾಗೆ ಒಂದು ಉಸಿರಿಗೆ ಹನ್ನೊಂದು ಹೇಳೋನು. ಹೋದ್ ತಿಂಗಳು ಏಳಾಯ್ತು. ಈವತ್ತು ನಾಕು. ಹುಣ್ಣು ಒಣಗ್ತಾ ಐತೆ ಅಂತ ನಗ್ಲಾ, ಉಸಿರು ಒಣಗ್ತಾ ಐತೆ ಅಂತ ಅಳ್ಲಾ, ನೀನೇ ಹೇಳು."

"ಅಜ್ಜನಿಗೆ ಹೇಳಿದ್ರಾ?"

"ಹೇಳ್ದೆ. ಬಾಯ್ಮುಚ್ಚು, ಏಪ್ರಿಲ್ ಹತ್ತರ ತಂಕ ಬಾಯ್ಮುಚ್ಚು ಅಂದ."

ಏಪ್ರಿಲ್ ಹತ್ತು ಏನೆಂದು ಊರಿಗೆಲ್ಲ ಗೊತ್ತು. ಅಂದು ಹಳೆಯ ಇಳಿಜಾರು ಗಣಿಯ ಬಾಯಿಯನ್ನು ಸಿಮೆಂಟು ಹಾಕಿ ಮುಚ್ಚುವವರಿದ್ದರು. ಕಾಮೆಜೊನ ಪಾಲಿಗೆ ಅದು ಏನೆಂದು ಗೊತ್ತಿದ್ದುದು ಇಸೊಗೂ ನಮ್ಮ ಗುಡಿಯವರಿಗೂ ಮಾತ್ರ; ಅವನು ಅಪ್ಪನ ಮುಂದೆ ಕೂತು ಅದನ್ನು ಒಮ್ಮೆ ಹೇಳಿಕೊಂಡಿದ್ದ.

ನಮ್ಮ ಗಣಿಗಳಲ್ಲಿ ಒಂದು ನಡೆ ಇದೆ. ಕೆಳಗೆ ಯಾರಾದರೂ ಸತ್ತರೆ ಹೆಣವನ್ನು ಸುಮ್ಮನೆ ಮೇಲೆ ತರುವುದಿಲ್ಲ. ಜೊತೆಗೆ ದುಡಿದವನು ಹೆಣದ ಪಕ್ಕದಲ್ಲೇ ನಡೆಯುತ್ತ, ದಾರಿಯ ಪ್ರತಿ ತಿರುವಿನಲ್ಲೂ ಅವನ ಹೆಸರು ಹಿಡಿದು ಕೂಗಬೇಕು: ಇದು ಮೂರನೇ ಅಡ್ಡದಾರಿ, ಮೇಲೆ ಹೋಗ್ತಾ ಇದೀವಿ, ಇದು ಪಂಪಿನ ಮನೆ, ಮೇಲೆ ಹೋಗ್ತಾ ಇದೀವಿ. ಕತ್ತಲಲ್ಲಿ ಸತ್ತವನಿಗೆ ದಾರಿ ತಿಳಿಯದು. ಕೂಗದಿದ್ದರೆ ಮೈ ಮೇಲೆ ಬಂದರೂ ಅವನು ಅಲ್ಲೇ ಉಳಿಯುತ್ತಾನೆ.

ಮೂವತ್ತು ವರ್ಷದ ಹಿಂದೆ, ಯುದ್ಧದ ನಡುವೆ, ಕಾಮೆಜೊನ ಹಿಂದೆ ಬುಟ್ಟಿ ಎಳೆಯಲು ಒಬ್ಬ ಕೊರಿಯಾದ ಹುಡುಗನನ್ನು ಹಾಕಿದ್ದರು. ಹಿರಾನುಮಾ ಎಂದು ಅವನನ್ನು ಕರೆಯುತ್ತಿದ್ದರು. ತನ್ನ ಊರಿನಿಂದ ಹಿಡಿದು ತಂದು ಗಣಿಗೆ ಇಳಿಸಿದ್ದ ಸಾವಿರಾರು ಜನರಲ್ಲಿ ಒಬ್ಬ. ತಲೆಯ ಮೇಲಿನ ಮಾಡು ಕುಸಿದು ಅವನು ಸತ್ತ ದಿನ, ಹೆಣವನ್ನು ಕಲ್ಲಿದ್ದಲ ತೊಟ್ಟಿಗಾಡಿಯಲ್ಲಿ ಹಾಕಿ ಎಳೆದರು. ಕಾಮೆಜೊ ಕೂಗಲು ಬಾಯಿ ತೆರೆದಾಗ ಮೇಸ್ತ್ರಿ, "ಇವರಿಗೆಲ್ಲ ಅದು ಬೇಕಾಗಿಲ್ಲ. ಗಾಡಿ ನಿಲ್ಲಿಸಬೇಡ, ಲೆಕ್ಕ ತಪ್ಪುತ್ತೆ" ಅಂದ. ಕಾಮೆಜೊ ಬಾಯಿ ಮುಚ್ಚಿದ. ಮೇಲೆ ಬರುವವರೆಗೂ ಮುಚ್ಚಿಕೊಂಡೇ ಇದ್ದ. ಗಣಿಯ ಬಾಯಿ ಮುಚ್ಚುವ ಮೊದಲು ಅವನನ್ನು ಕೂಗಿ ಮೇಲೆ ತರಬೇಕು. ಇನ್ನು ಈ ಮುದುಕನ ಬಾಳಿನಲ್ಲಿ ಉಳಿದಿದ್ದ ಕೆಲಸ ಅದೊಂದೇ.

ಅದಕ್ಕೆ ತುಟಿ ಬೇಕು. ಉಸಿರೂ ಬೇಕು.

"ನಾನೇ ಕೂಗ್ತೀನಿ, ನನ್ಗೂ ಆ ದಾರಿ ಗೊತ್ತು ಅಂದೆ," ಇಸೊ ಮೂಗೊರೆಸಿಕೊಂಡಳು. "ನಿನ್ ಕೈಲಾಗಲ್ಲ ಅಂದ. ಯಾಕಾಗಲ್ಲ ಅಂದ್ರೆ ಗೋಡೆ ಕಡೆ ತಿರುಗ್ಕಂಡ. ಮೂರು ಮಕ್ಳು ಹೆತ್ತೋಳ ಗಂಟ್ಲು ಇದು, ಇವನಿಗೆ ಸಾಲದಾಯ್ತು."

ನಾನು ಶೀಸೆಯನ್ನು ಪೆಟ್ಟಿಗೆಯಲ್ಲಿಟ್ಟು ಖಾಲಿ ತಟ್ಟೆ ಹಿಡಿದು ಮೇಲೆ ಹೋದೆ.

ಕಾಮೆಜೊ ಬೆಂಚಿನ ಮೇಲೆ, ಹೆಂಡತಿ ಹೇಳಿದ ಹಾಗೇ, ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಹುಣ್ಣು ಒಂದು ಅಕ್ಕಿಕಾಳಿನಷ್ಟಕ್ಕೆ ಇಳಿದಿತ್ತು. ಮದ್ದಿಗೆ ತಲೆಗೂದಲು ಉದುರಿತ್ತು, ಬೆರಳಿನ ಗೆಣ್ಣುಗಳು ಕಪ್ಪಾಗಿದ್ದವು.

"ಓಹೋ, ಗುಡಿ ಮಗಳು. ನೋಡವ್ವ, ನಿಮ್ಮಪ್ಪನ ತಲೆಗಿಂತ ನನ್ ತಲೆನೇ ಹೊಳೀತದೆ. ನಾಳೆಯಿಂದ ಗುಡೀಲಿ ನಾನೇ ಕೂತ್ಕತೀನಿ." ನಕ್ಕ. ಆ ನಗುವಿನಲ್ಲಿ ಗಾಳಿ ನುಂಗಿದ್ದು ಈಗ ನನಗೆ ಕಂಡಿತು. "ಅದ್ಸರಿ, ತಟ್ಟೆ ಖಾಲಿ ಐತಲ್ಲ?"

ಉತ್ತರ ಕೊಡುವಷ್ಟರಲ್ಲಿ ಡಾಕ್ಟರ್ ಕುಸಾಬಾ ಬಂದರು. ವಯಸ್ಸು ಮೂವತ್ತೆರಡೋ ಮೂವತ್ತಮೂರೋ. ಯಾರ ಎದುರು ನಿಂತರೂ ತಪ್ಪು ಮಾಡಿದವರಂತೆ ತಲೆ ತಗ್ಗಿಸುವ ಮನುಷ್ಯ.

"ಹತ್ತಿ ಬಂದ್ರಾ ಅಜ್ಜ?"

"ಓಡಿ ಬಂದೆ ಡಾಕ್ಟ್ರೇ, ಈಗ್ತಾನೆ. ಬೇಕಿದ್ರೆ ನಿಮ್ಮನ್ನೂ ಹೊತ್ಕಂಡು ಇನ್ನೊಂದ್ಸಲ ಹತ್ತುತೀನಿ. ನಿಮ್ಮಲ್ಲಿ ಏನ್ ತೂಕ ಐತೆ, ಒದ್ದೆ ಬುಟ್ಟಿ ನಿಮಗಿಂತ ಭಾರ."

ಡಾಕ್ಟರು ನಕ್ಕು ನನ್ನ ಕಡೆ ತಿರುಗಿದರು, ಶೀಸೆಗಾಗಿ. ಆ ಗಳಿಗೆಯಲ್ಲಿ ನಾನು ಒಂದು ಮಾತು ಹೇಳಿಬಿಟ್ಟಿದ್ದರೆ ಸಾಕಿತ್ತು. ಆದರೆ ಇಸೊ ತನ್ನ ಹೆಸರು ಹೇಳಬೇಡ ಎಂದಿದ್ದಳು. ಸುಮ್ಮನೆ ಇರುವುದೂ ಆಗದು. ನಾನು ಮುದುಕನ ಪಕ್ಕದಲ್ಲಿ ಕೂತು, ಅಂಗಿಯ ತೋಳಿನೊಳಗಿಂದ ಜಪಮಾಲೆ ತೆಗೆದೆ.

"ಅಜ್ಜ, ಸೂಜಿಗೆ ಮುಂಚೆ ನಾವಿಬ್ಬರೂ ಒಂದು ಉಸಿರಿನಲ್ಲಿ ಹತ್ತು ನಾಮ ಹೇಳೋಣ."

ಅವನು ನನ್ನ ಮುಖವನ್ನು ತುಂಬ ಹೊತ್ತು ನೋಡಿದ. ಅರ್ಥವಾಯಿತು ಅವನಿಗೆ. ಈಗ ಬೇಡ, ಆಮೇಲೆ ಎನ್ನಬಹುದಿತ್ತು. ಬಾಯಿ ಹುಣ್ಣು ನೋಯುತ್ತದೆ ಎನ್ನಬಹುದಿತ್ತು. ಮೇಸ್ತ್ರಿಯ ಎದುರು, ಕಂಪನಿಯ ಡಾಕ್ಟರ ಎದುರು, ಈ ಒಳ್ಳೆಯ ಹುಡುಗನ ಎದುರೂ ಉಸಿರು ಕದ್ದವನು ಅವನು. ಅಮಿದನ ಹೆಸರಿನಲ್ಲಿ ಕದಿಯಲು ಅವನಿಗೆ ಬರಲಿಲ್ಲ. ಕಾಲು ಕೆಳಗಿಳಿಸಿ, ಕೈ ಜೋಡಿಸಿ, ಕಣ್ಣು ಮುಚ್ಚಿದ.

ನಮು ಅಮಿದಾ ಬುತ್ಸು. ನಮು ಅಮಿದಾ ಬುತ್ಸು. ಮೂರನೆಯದು ತೆಳುವಾಯಿತು. ನಾಲ್ಕನೆಯದರ ಬಾಲ ಕೇಳಿಸಲಿಲ್ಲ. ಐದಕ್ಕೆ ಒಣ ಕೆಮ್ಮು ಬಂತು, ಬಂದದ್ದು ನಿಲ್ಲಲಿಲ್ಲ. ನಾನು ಒಬ್ಬಳೇ ಹತ್ತನ್ನು ಮುಗಿಸಿದೆ.

"ನಮ್ಮ ಮುದುಕಿ ಎಣಿಸಿದ್ಲಾ?" ಕೆಮ್ಮು ಇಳಿದ ಮೇಲೆ ಕೇಳಿದ.

"ಈಗ ನಾನೇ ಎಣಿಸಿದೆ, ಅಜ್ಜ."

ಡಾಕ್ಟರ್ ಕುಸಾಬಾ ಅವನ ಅಂಗಿಯನ್ನು ಹಿಂದಿನಿಂದ ಎತ್ತಿ, ಬೆನ್ನಿನ ಕೆಳಭಾಗಕ್ಕೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ನನಗೂ ಕೇಳಿಸಿದರು. ಒಣ ಹುಲ್ಲಿನ ಮೇಲೆ ಬೆಕ್ಕು ಮೆಲ್ಲಗೆ ಹೆಜ್ಜೆಯಿಟ್ಟ ಸದ್ದು. ಎದೆಯ ಹೊಸ ಚಿತ್ರ ತೆಗೆಸಿದಾಗ ಹಳೆಯ ದೂಳಿನ ಚುಕ್ಕಿಗಳ ಕೆಳಗೆ, ಎರಡೂ ಕಡೆ, ಬಲೆಯಂಥ ಹೊಸ ನೆರಳು ಹಬ್ಬಿತ್ತು.

ಮಧ್ಯಾಹ್ನ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಡಾಕ್ಟರು ಮದ್ದು ನಿಲ್ಲಿಸುತ್ತೇನೆ ಎಂದರು.

"ನಿಲ್ಸೋದಾ?" ಕಾಮೆಜೊ ತುಟಿ ಮುಟ್ಟಿ ತೋರಿಸಿದ. "ಇಷ್ಟೇ ಇಷ್ಟು ಉಳಿದೈತೆ. ಇನ್ನೊಂದ್ ಮೊಳ ಕಡಿದ್ರೆ ಸಾಲು ಮುಗೀತದೆ ಅನ್ನೋವಾಗ ಗುದ್ಲಿ ಕೆಳಗಿಡೋ ಗಂಡ್ಸು ಯಾವನಾದ್ರೂ ಅವ್ನಾ?"

"ಮಾಡು ಕರಕರ ಅಂತಿದ್ರೆ ಇಡ್ತಾನೆ," ಎಂದಳು ಇಸೊ. "ಇಡದೇ ಇದ್ದೋರ ಹೆಂಡ್ತೀರನ್ನ ನಾನು ನೋಡಿವ್ನಿ."

"ನೀನ್ ಸುಮ್ಕಿರು. ಎಣ್ಸೋ ಮುದುಕಿ."

ಡಾಕ್ಟರು ತಲೆ ತಗ್ಗಿಸಿಯೇ ಮಾತಾಡಿದರು. "ಅಜ್ಜ, ಈ ಮದ್ದು ಮೈಯೆಲ್ಲ ಸುತ್ತುತ್ತೆ. ಮೈಯಲ್ಲಿ ಹೆಚ್ಚಿನ ಕಡೆ ಅದನ್ನ ಒಡೆದು ಹಾಕೋ ಆಳುಗಳು ಇದ್ದಾರೆ. ಅಲ್ಲೆಲ್ಲ ಅದು ನಿಲ್ಲಲ್ಲ. ಚರ್ಮದಲ್ಲಿ ಆ ಆಳುಗಳು ಕಡಿಮೆ. ಹಾಗಾಗಿ ನಿಮ್ಮ ತುಟಿಯಲ್ಲಿ ಮದ್ದು ಉಳಿದುಕೊಂಡು ಹುಣ್ಣನ್ನ ಕೊಂದಿತು. ಶ್ವಾಸಕೋಶದಲ್ಲೂ ಆ ಆಳುಗಳು ಕಡಿಮೆ. ಅಲ್ಲೂ ಉಳೀತು. ಗುಣ ಕೊಟ್ಟಿದ್ದೂ ಅದೇ, ಕೆಡಿಸಿದ್ದೂ ಅದೇ. ಎರಡನ್ನೂ ಬೇರೆ ಮಾಡೋದು ನಮಗೆ ಇನ್ನೂ ಗೊತ್ತಿಲ್ಲ."

ಮುದುಕ ನೆಲ ನೋಡುತ್ತ ಕೂತ. ಕಿಟಕಿಯಾಚೆ ಸೋನೆ ನಿಂತಿತ್ತು. ಗುಡ್ಡ ಮಾತ್ರ ಹಬೆಯಾಡುತ್ತಲೇ ಇತ್ತು.

"ಗಾಳಿ ಹೋಗದ ಮೂಲೇಲಿ ಗ್ಯಾಸು ನಿಂತ್ಕಂಡಂಗೆ," ಅಂದ ಕೊನೆಗೆ.

"ಹಾಗೇ ಅಜ್ಜ."

"ಅಲ್ಗೆ ದೀಪ ಹಿಡ್ಕಂಡ್ ಹೋಗ್ಬಾರ್ದು."

"ಹೋಗಬಾರದು."

ಅವನು ಎದ್ದ. ಬಾಗಿಲ ಹತ್ತಿರ ನಿಂತು, ನನ್ನನ್ನು ನೋಡದೆಯೇ, "ಗುಡಿ ಮಗಳೇ, ನೀನು ನನ್ ಬಾಯಿ ಕಟ್ಟಿದೆ ಕಣವ್ವ. ಮೇಸ್ತ್ರಿ ಕಟ್ಟಿದ್ ಹಂಗೇ" ಎಂದು ಹೊರಟ.

ಆ ಮಾತು ನನ್ನಲ್ಲಿ ಬಹಳ ದಿನ ನಿಂತಿತು. ಗುಡಿಯಲ್ಲಿ ಸಂಜೆ ದೀಪ ಹಚ್ಚುವಾಗ ಅಪ್ಪನನ್ನು ಕೇಳಿದೆ. ನಮ್ಮ ಮತದ ಪ್ರಕಾರ ಸತ್ತವನು ಎಲ್ಲಿಯೂ ಉಳಿಯುವುದಿಲ್ಲ, ಅಮಿದನು ಆ ಗಳಿಗೆಯಲ್ಲೇ ಎತ್ತಿಕೊಳ್ಳುತ್ತಾನೆ. ಹಾಗಿದ್ದ ಮೇಲೆ ಕೂಗುವುದು ಯಾರಿಗೆ? ಅಪ್ಪ ಧೂಪದ ಬೂದಿಯನ್ನು ಕಡ್ಡಿಯಿಂದ ಸಮ ಮಾಡುತ್ತ ಕೂತಿದ್ದರು. "ಆ ಹುಡುಗ ಅಂದೇ ಮೇಲೆ ಹೋದ. ಕಾಮೆಜೊ ಇನ್ನೂ ಕೆಳಗೆ ಇದ್ದಾನಲ್ಲ, ಅವನನ್ನ ಯಾರು ಕರೆದು ತರಬೇಕು?" ಅಂದರು. ಮತ್ತೆ ಬೂದಿಗೆ ತಿರುಗಿದರು.

ಆ ಸಣ್ಣ ಜೀವದ ಬಗ್ಗೆಯೂ ಯೋಚಿಸುತ್ತಿದ್ದೆ. ಮಣ್ಣಿನ ಕತ್ತಲಲ್ಲಿ ಅದು ತನ್ನ ಅಕ್ಕಪಕ್ಕದವರನ್ನು ದೂರವಿಡಲು ಈ ವಿಷ ನೇಯುತ್ತದೆಯೋ, ಬೇರೆ ಯಾವುದಕ್ಕೋ, ಬಲ್ಲವರಿಲ್ಲ. ನಮ್ಮ ತುಟಿ, ನಮ್ಮ ಉಸಿರು ಅದಕ್ಕೆ ಗೊತ್ತೇ ಇಲ್ಲ. ಅದರಲ್ಲಿ ದಯೆಯೂ ಇಲ್ಲ, ಹಗೆಯೂ ಇಲ್ಲ. ಎಷ್ಟು, ಎಲ್ಲಿಯವರೆಗೆ, ಯಾವಾಗ ಸಾಕು ಎನ್ನುವುದು ನಮ್ಮ ಕೈಗೆ ಬಿಟ್ಟದ್ದು. ನಾನು ಸಾಕು ಎಂದದ್ದು ಸರಿಯೋ ತಪ್ಪೋ ಎಂದು ಮಾತ್ರ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಡಾಕ್ಟರು ಶ್ವಾಸಕೋಶದ ಉರಿ ತಗ್ಗಲು ಮಾತ್ರೆ ಕೊಟ್ಟರು. ಅಕ್ಕಿಕಾಳಿನಷ್ಟು ಉಳಿದ ಹುಣ್ಣಿಗೆ ಪಟ್ಟಣದ ಆಸ್ಪತ್ರೆಯಲ್ಲಿ ಕಿರಣ ಹಾಯಿಸಲು ಏರ್ಪಾಟು ಮಾಡಿದರು. ಮೂರು ವಾರ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು ಇಬ್ಬರೂ. ಕಾಮೆಜೊ ನನ್ನ ಕಿಟಕಿಯ ಮುಂದೆ ಮುಖ ತಿರುಗಿಸಿ ಹಾದುಹೋಗುತ್ತಿದ್ದ. ಮಾತ್ರೆ ಒಯ್ಯಲು ಇಸೊ ಬರುತ್ತಿದ್ದಳು.

"ಇನ್ನೂ ಕೋಪನಾ ಅಜ್ಜಿ?"

"ಕೋಪ ಇದ್ರೆ ಒಳ್ಳೇದು ಬುಡು, ಕೋಪಕ್ಕೂ ಉಸಿರು ಬೇಕಲ್ಲ. ನಾಮ ಐದಾಗೈತೆ. ಆರಾಗ್ಲಿಲ್ಲ. ಐದರಿಂದ ಕೆಳಗೂ ಇಳೀಲಿಲ್ಲ."

ಏಪ್ರಿಲ್ ಹತ್ತರಂದು ನಾನು ರಜೆ ಹಾಕಿ ಹೋದೆ. ನದಿಯ ದಂಡೆಯಲ್ಲಿ ಸಾಸಿವೆ ಹೂ ಹಳದಿಯಾಗಿ ಹಬ್ಬಿತ್ತು. ಗಣಿಯ ಬಾಯಿಗೆ ಅರ್ಧ ಎತ್ತರದವರೆಗೆ ಇಟ್ಟಿಗೆ ಕಟ್ಟಿದ್ದರು. ಒಳಗೆ ಇಳಿಜಾರು ಹತ್ತಾರು ಹೆಜ್ಜೆ ಕಾಣುತ್ತಿತ್ತು, ಅದರಾಚೆ ಕತ್ತಲು, ಕತ್ತಲಿನಾಚೆ ನೀರು. ಪಂಪು ನಿಲ್ಲಿಸಿದ ಮೇಲೆ ಕೆಳಗೆಲ್ಲ ನೀರು ತುಂಬಿತ್ತು. ಗಾರೆ ಕೆಲಸದವರು ನಾಲ್ವರು, ಕಚೇರಿಯ ಗುಮಾಸ್ತ ಒಬ್ಬ. ಸಿಮೆಂಟು ಕಲೆಸುವ ಯಂತ್ರ ತಿರುಗುತ್ತಿತ್ತು.

ಕಾಮೆಜೊ ತನ್ನ ಮದುವೆಯ ಕಾಲದ ಕಪ್ಪು ಮೇಲಂಗಿ ತೊಟ್ಟು ಬಂದಿದ್ದ. ತುಟಿಯ ಹುಣ್ಣು ಮಾಯ್ದು ಬಿಗಿಯಾದ ಕಲೆಯಾಗಿತ್ತು. ನನ್ನನ್ನು ನೋಡಿ ತಲೆಯಾಡಿಸಿದ, ಅಷ್ಟೇ.

"ಅಜ್ಜ, ಬೇಗ ಮುಗಿಸ್ಬೇಕು," ಗುಮಾಸ್ತ ಗಡಿಯಾರ ನೋಡಿಕೊಂಡ. "ಗಾರೆ ಗಟ್ಟಿ ಆಗಿಬಿಡುತ್ತೆ."

"ಮೂವತ್ತು ವರ್ಷ ಕಾದೋನು ಒಳಗವ್ನೆ," ಇಸೊ ಅಂದಳು. "ನಿನ್ ಗಾರೆಗೆ ಹತ್ತು ನಿಮಿಷ ಕಾಯಕ್ಕೇನ್ ಬಂತು ರೋಗ? ತಿರುಗಿಸ್ತಾ ಇರು, ಗಟ್ಟಿಯಾಗಲ್ಲ."

ಕಾಮೆಜೊ ಇಟ್ಟಿಗೆ ಗೋಡೆಯ ಮೇಲೆ ಎರಡೂ ಕೈಯೂರಿ, ಒಳಗೆ ಬಗ್ಗಿ, ಉಸಿರೆಳೆದುಕೊಂಡ. ಈ ಸಲ ಕದಿಯಲಿಲ್ಲ. ಬಾಯಿ ತೆರೆದು, ಭುಜ ಎತ್ತಿ, ಎಲ್ಲರೂ ನೋಡುವ ಹಾಗೆ ಎಳೆದುಕೊಂಡ.

"ಯುನ್ ಮಾನ್-ಸಿಕ್. ಎಡಗಡೆ ಮೂರನೇ ಅಡ್ಡದಾರಿ. ಎದ್ದೇಳು, ಮೇಲೆ ಹೋಗ್ತಾ..."

ಅಲ್ಲಿಗೇ ಮುಗಿಯಿತು. ಕೆಮ್ಮು ಅವನನ್ನು ಎರಡಾಗಿ ಮಡಿಸಿತು. ಇಸೊ ಬೆನ್ನು ನೀವುತ್ತ, "ಅದ್ಯಾರು? ಹಿರಾನುಮಾ ಅಲ್ವಾ ಆ ಹುಡುಗ?" ಅಂದಳು.

ಅವನು ಗೋಡೆಗೆ ಒರಗಿ ಕೂತ. ಮಾತು ತುಂಡು ತುಂಡಾಗಿ ಬಂತು.

"ಅದು ಕಂಪನಿಯೋರು ಇಟ್ಟಿದ್ದು. ಮನೇಲಿ ಇಟ್ಟ ಹೆಸ್ರಿಂದ ಕೂಗಿದ್ರೆ ಹೊಡೆಯೋರು. ಒಂದಿನ ದೀಪ ಆರೋಯ್ತು. ಕತ್ಲಲ್ಲಿ ಕೂತಿದ್ವಿ. ಆವಾಗ ನನ್ ಕಿವೀಲಿ ಹೇಳ್ದ. ಅಣ್ಣಾ, ಯಾರಾದ್ರೂ ಒಬ್ರು ಇಟ್ಕಂಡಿರ್ಲಿ, ಇಲ್ಲಾಂದ್ರೆ ನನ್ಗೇ ಮರ್ತೋಗ್ತದೆ ಅಂದ. ಇಟ್ಕಂಡೆ. ಸತ್ ದಿನನಾದ್ರೂ ವಾಪಸ್ ಕೊಡ್ಬೇಕಿತ್ತು."

ಅದಕ್ಕೇ ಹೆಂಡತಿಯ ಕೈಲಾಗದು ಎಂದದ್ದು. ಆ ಹೆಸರು ಬೇರೆಯವರ ಬಾಯಿಂದ ಹೋಗುವುದು ಅವನಿಗೆ ಸರಿಬರಲಿಲ್ಲ. ಕೊಟ್ಟದ್ದು ಅವನ ಕೈಗೆ.

ಇಸೊ ತಲೆಯ ಬಟ್ಟೆ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು, ಕೆಲಸಕ್ಕೆ ಇಳಿಯುವವರ ಹಾಗೆ.

"ಹೆಸ್ರು ನೀನ್ ಹೇಳು. ದಾರಿ ನಾನ್ ಹೇಳ್ತೀನಿ. ಹೆಸ್ರಿಗಾದ್ರೆ ಐದ್ ನಾಮದ ಉಸಿರು ಬೇಕಾದಷ್ಟಾಯ್ತು."

ಅವಳು ಗೋಡೆಯೊಳಗೆ ಬಗ್ಗಿದಳು. ಆ ಅರವತ್ತು ದಾಟಿದ ಹೆಂಗಸಿನ ಗಂಟಲಿನಿಂದ ಅಂಥ ದನಿ ಬರಬಹುದೆಂದು ನಾನು ಎಣಿಸಿರಲಿಲ್ಲ.

"ಎಡಗಡೆ ಮೂರನೇ ಅಡ್ಡದಾರಿ. ಮೇಲೆ ಹೋಗ್ತಾ ಇದೀವಿ."

"ಯುನ್ ಮಾನ್-ಸಿಕ್," ಎಂದ ಕಾಮೆಜೊ.

"ನೀರು ಜಿನುಗೋ ತಿರುವು. ಇಲ್ಲಿ ಜಾರ್ತದೆ, ಬಲಗಡೆ ಗೋಡೆ ಹಿಡ್ಕೋ. ಮೇಲೆ ಹೋಗ್ತಾ ಇದೀವಿ."

"ಯುನ್ ಮಾನ್-ಸಿಕ್."

"ಪಂಪಿನ ಮನೆ."

"ಯುನ್ ಮಾನ್-ಸಿಕ್."

"ಮಾಡು ತಗ್ಗಾಗೈತೆ, ತಲೆ ಬಗ್ಗಿಸು. ಮೇಲೆ ಹೋಗ್ತಾ ಇದೀವಿ."

ಹೀಗೇ ಒಂಬತ್ತು ಜಾಗ. ನಲವತ್ತು ವರ್ಷ ಕಾಣದ ದಾರಿಯನ್ನು ಇಸೊ ತನ್ನ ಮೊಣಕಾಲಿನಿಂದ ನೆನೆಯುತ್ತಿದ್ದಳು; ಎಲ್ಲಿ ಕಲ್ಲು, ಎಲ್ಲಿ ಕೆಸರು, ಎಲ್ಲಿ ಬುಟ್ಟಿ ಸಿಕ್ಕಿಬೀಳುತ್ತದೆ. ಪ್ರತಿ ಜಾಗದ ನಡುವೆ ಕಾಮೆಜೊ ಉಸಿರು ತುಂಬಿಕೊಳ್ಳುವವರೆಗೆ ಅವಳು ಕಾದಳು. ಅವನು ಅವಸರ ಮಾಡಲಿಲ್ಲ. ಗಾರೆಯವರಲ್ಲಿ ವಯಸ್ಸಾದವನೊಬ್ಬ ಹೋಗಿ ಯಂತ್ರ ನಿಲ್ಲಿಸಿದ. ಗುಮಾಸ್ತ ಬೇಡವೆನ್ನಲಿಲ್ಲ. ನನ್ನ ಬಾಯಲ್ಲಿ ನಾಮ ತಾನಾಗಿ ನಡೆಯುತ್ತಿತ್ತು.

"ಗಣಿ ಬಾಯಿ," ಎಂದಳು ಇಸೊ. "ಬೆಳಕು." ಪಕ್ಕಕ್ಕೆ ಸರಿದು ನಿಂತಳು.

ಕಾಮೆಜೊ ಎದ್ದು ಗೋಡೆಗೆ ತೀರ ಹತ್ತಿರ ಹೋದ. ಇನ್ನು ಕೂಗುವುದು ಬೇಕಿರಲಿಲ್ಲ. ಮನೆಯ ಬಾಗಿಲಲ್ಲಿ ನಿಂತವರ ಜೊತೆ ಮಾತಾಡುವ ದನಿಯಲ್ಲಿ, ಹೆಸರಿನ ಮೂರು ಪಾಲನ್ನೂ ಒಂದೊಂದಾಗಿ, ಒಡೆಯದಂತೆ ಹೇಳಿದ.

"ಯುನ್. ಮಾನ್. ಸಿಕ್. ನೀನ್ ಕೊಟ್ಟಿದ್ದು ಕಣಪ್ಪ. ತಗೋ."